ಕೃಷ್ಣಾಮಾಯಿ ಉಪ್ಪುನೀರಿಗೆ ಇಳಿದಳು

ಗೇಟು ಮುಚ್ಚಿತು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ನಾವು ನಿಂತ ದೋಣಿ, ದೋಣಿ ನಿಂತ ನೀರು, ಆ ನೀರಿನ ಮೇಲಿದ್ದ ಇನ್ನಷ್ಟು ದೋಣಿಗಳು, ಎಲ್ಲವೂ ಒಟ್ಟಿಗೇ ಕೆಳಗಿಳಿಯತೊಡಗಿದವು! ಸದ್ದಿಲ್ಲ, ಕುಲುಕಾಟವಿಲ್ಲ. ಪಕ್ಕದ ಗೋಡೆ ಮಾತ್ರ ಬೆಳೆಯುತ್ತಲೇ ಇದೆ, ಒದ್ದೆ ಪಾಚಿ ಗೇಣು ಗೇಣಾಗಿ ಹೊರಬೀಳುತ್ತಿದೆ, ಈಗಷ್ಟೇ ಕಣ್ಣಿನ ಮಟ್ಟಕ್ಕಿದ್ದ ಹುಲ್ಲುಹಾಸು ತಲೆಯ ಮೇಲೆ ಹೋಗಿದೆ, ಅಲ್ಲಿಂದ ಮಕ್ಕಳು ಬಗ್ಗಿ ಕೈ ಬೀಸುತ್ತಿದ್ದಾರೆ. "ಅತ್ತಿ, ಹಗ್ಗ ಸಡ್ಲ ಬಿಡ್ರಿ, ಬಿಡ್ಕೋತ ಹೋಗ್ರಿ, ಜಗ್ಗಬ್ಯಾಡ್ರಿ" ಎಂದು ಅಣ್ಣನ ಮಗ ಚುಕ್ಕಾಣಿಯ ಪಕ್ಕದ ಕಿಟಕಿಯಿಂದ ಕೂಗಿದ. ನಾನು ಬಿಡುತ್ತ ಹೋದೆ. ನೀರು ನನ್ನ ಕೈಯಿಂದ ಹಗ್ಗವನ್ನು ಕೇಳಿ ಕೇಳಿ ತೆಗೆದುಕೊಳ್ಳುತ್ತಿತ್ತು.

ಸಿಯಾಟಲ್ ನಗರದ ಬ್ಯಾಲಾರ್ಡ್ ಲಾಕ್‌ಗಳು 1917ರಿಂದ ಮಾಡುತ್ತ ಬಂದ ಕೆಲಸ ಇದು. ಒಳಗಡೆ ವಾಷಿಂಗ್ಟನ್ ಸರೋವರದಿಂದ ಬರುವ ಸಿಹಿನೀರು, ಹೊರಗಡೆ ಪ್ಯೂಜೆಟ್ ಸೌಂಡ್ ಎಂಬ ಸಮುದ್ರದ ತೋಳು. ಉಬ್ಬರವಿಳಿತ ನೋಡಿಕೊಂಡು ಎರಡರ ನಡುವೆ 6ರಿಂದ 26 ಅಡಿ ಅಂತರ. ಹಿಂದೊಂದು ಗೇಟು, ಮುಂದೊಂದು ಗೇಟು, ನಡುವೆ ದೋಣಿ. ನೀರು ಬಿಟ್ಟರೆ ಏರುತ್ತದೆ, ಹರಿಸಿದರೆ ಇಳಿಯುತ್ತದೆ. ಏರಿಸಲು, ಇಳಿಸಲು ಪಂಪು ಬೇಡವೇ ಬೇಡ. ನೀರಿನ ಭಾರವೇ ಸಾಕು! ಪಕ್ಕದಲ್ಲೇ ಮೀನುಗಳಿಗೆಂದು ಕಟ್ಟಿದ 21 ಮೆಟ್ಟಿಲುಗಳಿವೆ. ಸಮುದ್ರದಿಂದ ಹುಟ್ಟಿದೂರಿಗೆ ಮರಳುವ ಸಾಮನ್ ಮೀನುಗಳು ಒಂದೊಂದೇ ಮೆಟ್ಟಿಲು ಹಾರಿ ಮೇಲೆ ಹೋಗುತ್ತವೆ. ನಾವು ಕೆಳಗಿಳಿಯುತ್ತಿದ್ದೆವು, ಅವು ಏರುತ್ತಿದ್ದವು.

ನನಗೆ ಇದು ಯಾಕೆ ಇಷ್ಟು ದೊಡ್ಡದಾಗಿ ಕಂಡಿತೆಂದರೆ, ನಾನು ಸಲಗರೆಯವಳು. ಮಿರಜ ತಾಲ್ಲೂಕಿನ ಪೂರ್ವಕ್ಕೆ, ಕರ್ನಾಟಕದ ಗಡಿಗೆ ಹತ್ತಿ, ಮನೆಯೊಳಗೆ ಕನ್ನಡ, ಸಂತೆಯಲ್ಲಿ ಮರಾಠಿ ಆಡುವ ಊರು. ಕೃಷ್ಣೆ ದೂರದಲ್ಲಿ ಹರಿಯುತ್ತಾಳೆ, ನಮ್ಮ ನೆಲ ಎತ್ತರದಲ್ಲಿದೆ. ಮ್ಹೈಸಾಳದಲ್ಲಿ ಹೊಳೆಯಿಂದ ನೀರೆತ್ತಿ, ಹಂತ ಹಂತಕ್ಕೆ ಪಂಪು ಇಟ್ಟು, ಒಂದು ಕಾಲುವೆಯಿಂದ ಇನ್ನೊಂದಕ್ಕೆ ಏರಿಸುತ್ತ ನಮ್ಮ ಸೀಮೆಗೂ ಅಲ್ಲಿಂದ ಮುಂದೆ ಕವಠೆಮಹಾಂಕಾಳ, ಜತ್ತದ ಕಡೆಗೂ ಕಳಿಸುತ್ತಾರೆ. ನಮ್ಮಲ್ಲಿ ನೀರು ಗುಡ್ಡ ಹತ್ತಿ ಬರಬೇಕು. 2016ರ ಏಪ್ರಿಲ್‌ನಲ್ಲಿ ಮಿರಜ ಸ್ಟೇಷನ್ನಿನಿಂದ ಲಾತೂರಿಗೆ ನೀರಿನ ರೈಲು ಹೊರಟದ್ದನ್ನು ಕಣ್ಣಾರೆ ಕಂಡವಳು ನಾನು: ಮೊದಲ ಗಾಡಿಗೆ 10 ಟ್ಯಾಂಕು, ಒಟ್ಟು 5 ಲಕ್ಷ ಲೀಟರ್. ನೀರು ರೈಲು ಹತ್ತುವುದನ್ನು ನೋಡಿದ ಕಣ್ಣು ಈಗ ದೋಣಿ ನೀರಿನ ಮೆಟ್ಟಿಲು ಇಳಿಯುವುದನ್ನು ನೋಡುತ್ತಿತ್ತು!

ದೋಣಿಯ ವಿಷಯ ಹೇಳಲೇಬೇಕು. ಅಣ್ಣನ ಮಗ, ಅವನ ಹೆಂಡತಿ ಇಬ್ಬರೂ ಅಲ್ಲಿ ಸಾಫ್ಟ್‌ವೇರ್ ಕೆಲಸದವರು. ಹದಿನೈದು ವರ್ಷದ ಸಾಲ ಮಾಡಿ ಹೊಸ ದೋಣಿ ತಂದಿದ್ದಾರೆ ಎಂದು ಕೇಳಿದಾಗ ನಾನು ಸಿನಿಮಾದಲ್ಲಿ ಕಾಣುವ ಚೂಪು ಮೂತಿಯ ಬಿಳಿ ವಿಲಾಸದೋಣಿ ಎಂದುಕೊಂಡಿದ್ದೆ. ಕಟ್ಟೆಯ ಮೇಲೆ ನಿಂತು ನೋಡಿದರೆ, ಅಯ್ಯೋ, ಇದು ಬೇರೆಯೇ ಜೀವ! ಎತ್ತಿದ ಮೂತಿ, ದಪ್ಪ ಹೊಟ್ಟೆ, ಮುಂದಕ್ಕೆ ನೆಟ್ಟಗೆ ನಿಂತ ಕಿಟಕಿಗಳ ಕೋಣೆ, ಪಕ್ಕದಲ್ಲಿ ದುಂಡು ದುಂಡು ಗವಾಕ್ಷಿ, ಮೇಲೆ ಪುಟ್ಟ ಹೊಗೆಕೊಳವೆಯ ಆಕಾರ, ಬೇಕಾದಾಗ ಮಡಚಿಡುವ ಕಂಬ. ಕುಸುಬಿ ಹೂವಿನ ಕೆಂಪು ಬಣ್ಣ. ಬಂದರಿನಲ್ಲಿ ದೊಡ್ಡ ಹಡಗುಗಳನ್ನು ಎಳೆದು ದಡಕ್ಕೆ ಹಚ್ಚುತ್ತದಲ್ಲ, ಟಗ್, ಅದನ್ನೇ ಯಾರೋ ಪ್ರೀತಿಯಿಂದ ಚಿಕ್ಕದು ಮಾಡಿ ಒಳಗೊಂದು ಸಂಸಾರ ಹೂಡಿದ ಹಾಗಿತ್ತು.

ಸಂಸಾರವೆಂದರೆ ನಿಜವಾದ ಸಂಸಾರ. 25 ಅಡಿ ವರ್ಗದ ದೋಣಿ, ಅಗಲ 8 ಅಡಿ 6 ಅಂಗುಲ. ಆ ಅಗಲ ಸುಮ್ಮನೆ ಬಂದದ್ದಲ್ಲ: ಅಮೆರಿಕದ ಹೆದ್ದಾರಿಯಲ್ಲಿ ವಿಶೇಷ ಪರವಾನಗಿ ಇಲ್ಲದೆ ಎಳೆದೊಯ್ಯಬಹುದಾದ ಗಡಿ ಅದೇ. ಟ್ರೇಲರ್ ಮೇಲೆ ಏರಿಸಿ, ಗಟ್ಟಿಯಾದೊಂದು ಪಿಕಪ್ ಗಾಡಿಗೆ ಕಟ್ಟಿದರೆ ಈ ಮನೆ ರಸ್ತೆಯ ಮೇಲೂ ಬರುತ್ತದೆ! ಒಳಗೆ ಒಲೆ, ಫ್ರಿಜ್ಜು, ಸಿಂಕು, ಬಾಗಿಲಿರುವ ಶೌಚಾಲಯ, ಮೂತಿಯೊಳಗೆ ಇಬ್ಬರು ಮಲಗುವ ಹಾಸಿಗೆ. ಊಟದ ಮೇಜಿನ ಕೆಳಗೆ ಗುಹೆಯಂಥ ಇನ್ನೊಂದು ಮಲಗುವ ಜಾಗ. ಮೊಮ್ಮಗಳು ಅದರೊಳಗೆ ತೆವಳಿ ಹೋಗಿ, ಗವಾಕ್ಷಿಗೆ ಮೂಗು ಹಚ್ಚಿ, "ಅಜ್ಜಿ, ನೀರು ನನ್ನ ಕಿವೀ ಹಂತೇಕ ಐತಿ" ಎಂದಳು. ಮೆಟ್ಟಿಲು ಎತ್ತಿದರೆ ಡಬ್ಬಿ ಇಡುವ ಜಾಗ, ಕುರ್ಚಿ ಮಡಚಿದರೆ ಅಡುಗೆ ಕಟ್ಟೆ. ಅರವತ್ತು ದಾಟಿದ ನಾನು, ಜೀವನವೆಲ್ಲ ಅಡುಗೆಮನೆ ಜೋಡಿಸಿದವಳು, ಒಂದು ಗೇಣು ಜಾಗವೂ ಸೋಮಾರಿಯಾಗಿ ಕೂಡದ ಮನೆಯನ್ನು ಮೊದಲ ಸಲ ನೋಡಿದೆ.

ಇದನ್ನು ಕಟ್ಟಿದ ರೇಂಜರ್ ಟಗ್ಸ್‌ನವರು ಸಿಯಾಟಲ್ ಪಕ್ಕದ ಕೆಂಟ್ ಊರಿನವರು. ಅವರಿಗೂ ಮೊದಲೇ ಈ ರೂಪದ ವಿಹಾರದೋಣಿಯನ್ನು ಆ ನಾಡಿಗೆ ರೂಢಿ ಮಾಡಿಸಿದ್ದು ನಾರ್ಡಿಕ್ ಟಗ್ಸ್. 1980ರ ಜನವರಿ, ಸಿಯಾಟಲ್ ದೋಣಿ ಪ್ರದರ್ಶನ. ತೈಲದ ಬೆಲೆ ಗಗನಕ್ಕೇರಿದ ಕಾಲ. ಎಲ್ಲರೂ ವೇಗದ ದೋಣಿಗಳನ್ನು ನೋಡಿ ನಿಟ್ಟುಸಿರು ಬಿಡುವಾಗ, ಲಿನ್ ಸೆನೂರ್ ಎಂಬ ವಿನ್ಯಾಸಕಾರ ರೂಪಿಸಿದ 26 ಅಡಿಯ ಈ ಟಗ್ ಬಂತು: ನಿಧಾನ ಹೋಗುತ್ತೇನೆ, ಕಡಿಮೆ ಕುಡಿಯುತ್ತೇನೆ, ಮಳೆಯಲ್ಲೂ ಬೆಚ್ಚಗೆ ಇಡುತ್ತೇನೆ ಎಂದು. ಜನ ಮುಗಿಬಿದ್ದರು.

ಆದರೆ ಟಗ್‌ನ ಮೈಕಟ್ಟು ಯಾರೋ ಕೂತು ಬರೆದ ಚಿತ್ರವಲ್ಲ, ದುಡಿಮೆ ತಿದ್ದಿದ ಮೈ. ಹಿಂದಿನ ಅಂಗಳ ತಗ್ಗಿರುವುದು ಎಳೆಯುವ ಹಗ್ಗ ಕೆಳಗಿರಲೆಂದು; ಹಗ್ಗ ಎತ್ತರದಲ್ಲಿದ್ದರೆ ಭಾರದ ಜಗ್ಗಾಟಕ್ಕೆ ದೋಣಿ ಮಗುಚಬಹುದು. ಚಾಲಕನ ಕೋಣೆಗೆ ಸುತ್ತಲೂ ಗಾಜಿರುವುದು ಹಡಗು, ಹಗ್ಗ, ದಡ ಮೂರನ್ನೂ ಒಮ್ಮೆಗೇ ನೋಡಬೇಕೆಂದು. ಮೂತಿ ಎತ್ತರ ಇರುವುದು ಎದುರಲೆ ಸೀಳಲು. ಕಿಲಾರಿ ಎತ್ತಿನ ಹೆಗಲು ಯಾಕೆ ಹಾಗಿದೆ ಎಂದು ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ, ಇದೂ ಹಾಗೆಯೇ. ಮಲ್ಪೆಯಲ್ಲಿ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಇಂದು ಕಟ್ಟುವ ದೊಡ್ಡ ಟಗ್‌ಗಳು 60 ಟನ್ ಮೀರಿದ ಜಗ್ಗುವ ಬಲದವು. ನಮ್ಮ ಕರಾವಳಿಯಲ್ಲೇ ಅಂಥವು ಹುಟ್ಟುತ್ತಿವೆ ಎಂದು ನನಗೆ ಗೊತ್ತಾದದ್ದು ಸಿಯಾಟಲ್‌ಗೆ ಹೋದಮೇಲೆ!

ಆ ನಾಡಿನ ಟಗ್ ಕತೆಯಲ್ಲಿ ಒಬ್ಬ ಹೆಣ್ಣುಮಗಳಿದ್ದಾಳೆ. ಥಿಯಾ ಫಾಸ್, ನಾರ್ವೆಯಿಂದ ವಲಸೆ ಬಂದವಳು. 1889ರಲ್ಲಿ, ಟಕೋಮಾ ಊರಿನಲ್ಲಿ, ಗಂಡ ಕೆಲಸಕ್ಕೆ ಹೋದಾಗ 5 ಡಾಲರಿಗೆ ಒಂದು ಹಳೆಯ ಹುಟ್ಟುದೋಣಿ ಕೊಂಡು, ಬಿಳಿ ಹಸಿರು ಬಣ್ಣ ಬಳಿದು, ಲಾಭಕ್ಕೆ ಮಾರಿದಳಂತೆ. ಆ ಹಣದಿಂದ ಇನ್ನೆರಡು. ಆಮೇಲೆ ಬಾಡಿಗೆ ದೋಣಿಗಳು, ಆಮೇಲೆ ಟಗ್‌ಗಳು. ಫಾಸ್ ಕಂಪನಿಯ ಟಗ್‌ಗಳು ಇಂದಿಗೂ ಆ ನೀರಿನಲ್ಲಿ ಹಸಿರು ಬಿಳಿ ಬಣ್ಣದಲ್ಲೇ ಓಡಾಡುತ್ತವೆ. ಒಂದು ನಮ್ಮ ಮುಂದೆಯೇ, ಪರ್ವತದಂಥ ಕಂಟೇನರ್ ಹಡಗಿನ ಪಕ್ಕೆಗೆ ತಲೆ ಕೊಟ್ಟು ನೂಕುತ್ತ ಹೋಯಿತು. ನಮ್ಮ ಪುಟಾಣಿ ಟಗ್ಗಿನ ಮೇಲೆ ನಿಂತು ನಾನು ಅದಕ್ಕೆ ಕೈಮುಗಿದೆ. ಅತ್ತಲಿಂದ ಯಾರೋ ಕೈ ಎತ್ತಿದರು.

ದೋಣಿ ನೀರಿಗಿಳಿದ ದಿನದ ಪೂಜೆ ನಾನು ಹೋಗುವ ಮೊದಲೇ ಆಗಿತ್ತು. ಉಡಿ ಮಾತ್ರ ನನಗಾಗಿ ಕಾದಿತ್ತು. ಹೊಳೆಗೆ ಹೊಸ ನೀರು ಬಂದಾಗ ಸಾಂಗಲಿಯ ಘಾಟಿನಲ್ಲಿ ಹೆಣ್ಣುಮಕ್ಕಳು ಕೃಷ್ಣಾಮಾಯಿಗೆ ಉಡಿ ತುಂಬುತ್ತಾರೆ. ನಾನು ಊರಿಂದ ಹಸಿರು ಖಣ, ಅಕ್ಕಿ, ಅರಿಸಿನಕೊಂಬು ತಂದಿದ್ದೆ. ಸಾಂಗಲಿ ಅರಿಸಿನವೇ, ಬೇರೆ ಯಾಕೆ! ಚುಕ್ಕಾಣಿಯ ಎದುರು ಖಣ ಹಾಸಿ ಉಡಿ ತುಂಬಿದೆವು. ದೋಣಿಯ ಬೆನ್ನಿಗೆ ಹೆಸರು ಬರೆಸಿದ್ದರು, ಮೇಲೆ ಇಂಗ್ಲಿಷಿನಲ್ಲಿ, ಕೆಳಗೆ ಕನ್ನಡದಲ್ಲಿ: ಕೃಷ್ಣಾಮಾಯಿ. ಅಲ್ಲಿನವರು ದೋಣಿಯನ್ನು 'ಅವಳು' ಎನ್ನುತ್ತಾರೆ. ನಾವು ಹೊಳೆಯನ್ನು ಅವಳು ಎನ್ನುತ್ತೇವೆ. ಇಬ್ಬರೂ ಒಂದೇ ಹೆಸರಿನಲ್ಲಿ ಕೂಡಿದ್ದರು.

ಲಾಕ್ ದಾಟಿ ಉತ್ತರಕ್ಕೆ ಹೊರಟೆವು. ಪೋರ್ಟ್ ಟೌನ್ಸೆಂಡ್‌ನಲ್ಲಿ ಒಂದು ರಾತ್ರಿ. ಬೆಳಿಗ್ಗೆ ವಾನ್ ಡಿ ಫೂಕಾ ಜಲಸಂಧಿ ಗಾಜಿನ ಹಾಗೆ ಬಿದ್ದಿತ್ತು, ಕಪ್ಪು ಬೆನ್ನಿನ ಕಡಲಹಂದಿಗಳು ಸೂಜಿದಾರದ ಹಾಗೆ ನೀರಿನೊಳಗೆ ಹೊಕ್ಕು ಹೊರಟು ಮಾಡುತ್ತಿದ್ದವು. ನಮ್ಮ ಓಟ ಏಳೆಂಟು ನಾಟ್, ಸೈಕಲ್ಲಿನ ವೇಗ. ಆ ವೇಗದಲ್ಲೇ ಲೋಕ ತೋರುವುದು ಎಂದು ಕಾಣುತ್ತದೆ, ಒಂದು ಹಕ್ಕಿಯೂ ತಪ್ಪಲಿಲ್ಲ.

ಗುರಿ ಸಾನ್ ವಾನ್ ದ್ವೀಪದ ರೋಶ್ ಹಾರ್ಬರ್. ಒಂದು ಕಾಲದ ಸುಣ್ಣದ ಊರು. ಸುಣ್ಣದ ಗೂಡುಗಳು ಇನ್ನೂ ನಿಂತಿವೆ, 1886ರ ಹೋಟೆಲ್ ಡಿ ಹ್ಯಾರೋ ನಿಂತಿದೆ. ನೀರಿನಾಚೆ ಕೆನಡಾ. ಇದೇ ದ್ವೀಪಕ್ಕಾಗಿ ಅಮೆರಿಕ, ಬ್ರಿಟನ್ 1859ರಲ್ಲಿ ಸೇನೆ ತಂದು ನಿಲ್ಲಿಸಿದ್ದವು, ಒಬ್ಬನ ಹಂದಿ ಇನ್ನೊಬ್ಬನ ಬಟಾಟೆ ತಿಂದದ್ದರಿಂದ. ಸತ್ತದ್ದು ಹಂದಿಯೊಂದೇ. 1872ರಲ್ಲಿ ಜರ್ಮನಿಯ ಚಕ್ರವರ್ತಿ ತೀರ್ಪು ಕೊಟ್ಟು ಗಡಿ ಗೆರೆ ಎಳೆದ. ಗಡಿಯೂರಿನಲ್ಲಿ ಹುಟ್ಟಿದವಳಾಗಿ ನಾನು ಆ ಗೆರೆ ಎಲ್ಲಿರಬಹುದೆಂದು ಬಹಳ ಹೊತ್ತು ನೀರನ್ನೇ ನೋಡಿದೆ.

ಬಂದರಿನ ಮೂಲೆ ತಿರುಗಿದಾಗ ನನ್ನ ಉಸಿರೇ ನಿಂತಿತು. ಟಗ್! ಟಗ್! ಟಗ್! ಕೆಂಪು, ನೀಲಿ, ಹಸಿರು, ಕೆನೆಬಣ್ಣ, ತೇಲುಕಟ್ಟೆಗಳ ಎರಡೂ ಬದಿಗೆ ಸಾಲು ಸಾಲು, ಎಲ್ಲವೂ ನಮ್ಮದರ ಅಕ್ಕತಂಗಿಯರು, ಎಲ್ಲರ ಮೂತಿಯೂ ಒಂದೇ ಕಡೆ. ಸೆಪ್ಟೆಂಬರಿನಲ್ಲಿ ಇಲ್ಲಿ ಈ ದೋಣಿಯವರ ಮೇಳ ಕೂಡುತ್ತದೆ. ನಮ್ಮ ಕಡೆಯ ಸಿದ್ಧನ ಜಾತ್ರೆಯ ದನಗಳ ಸಾಲೇ ನೀರಿಗಿಳಿದ ಹಾಗೆ!

ಆಗಲೇ ಗಾಳಿ ಎದ್ದಿತು. ಅಣ್ಣನ ಮಗ ನಮ್ಮ ಜಾಗಕ್ಕೆ ಮೂತಿ ತಿರುಗಿಸುವಾಗ ದೋಣಿ ಬದಿಗೆ ಜಾರತೊಡಗಿತು, ಪಕ್ಕದವರ ಹೊಸ ನೀಲಿ ದೋಣಿಯ ಕಡೆಗೆ. ನಾನು ಹಗ್ಗ ಎಸೆದೆ, ಅದು ನೀರಿಗೆ ಬಿತ್ತು. ಅಷ್ಟರಲ್ಲಿ ನಾಲ್ಕೂ ಕಡೆಯಿಂದ ಹೆಜ್ಜೆಯ ಸಪ್ಪಳ! ಊಟ ಬಿಟ್ಟು, ಕಾಫಿ ಲೋಟ ಬಿಟ್ಟು ಜನ ಓಡಿ ಬಂದರು, ಒಬ್ಬರು ನಮ್ಮ ಕಂಬಿ ಹಿಡಿದರು, ಒಬ್ಬರು ಎರಡು ದೋಣಿಗಳ ನಡುವೆ ರಬ್ಬರ್ ಉರುಳೆ ಇಳಿಬಿಟ್ಟರು. ಅವನು ಒಳಗಿಂದ ಥ್ರಸ್ಟರ್ ಗುಂಡಿ ಒತ್ತಿದ. ಮೂತಿಯೊಳಗೆ ಅಡ್ಡಕ್ಕೆ ಕೂತ ಪುಟ್ಟ ಪಂಕ ಗುರ್ರ್ ಎಂದು ನೀರನ್ನು ಪಕ್ಕಕ್ಕೆ ನೂಕಿ, ದೋಣಿ ಅಡ್ಡಡ್ಡಲಾಗಿ, ಏಡಿಯ ಹಾಗೆ, ಕಟ್ಟೆಗೆ ಸರಿಯಿತು. ಒದ್ದೆ ಹಗ್ಗ ಎತ್ತಿಕೊಂಡ ಮುದುಕಿಯೊಬ್ಬರು ಎರಡು ಕೊಂಬಿನ ಲೋಹದ ಗೂಟಕ್ಕೆ ಎಂಟರಾಕಾರದಲ್ಲಿ ಸುತ್ತಿ, ಕೊನೆಯ ಸುತ್ತನ್ನು ಮಗುಚಿ ಬಿಗಿದು, ಬಿಚ್ಚಿ, ನನ್ನ ಕೈಗೆ ಕೊಟ್ಟು ನೀನು ಮಾಡು ಎಂದು ಸನ್ನೆ ಮಾಡಿದರು. ದನದ ಕಣ್ಣಿ ಕಟ್ಟಿದ ಕೈ ನನ್ನದು. ಎರಡನೇ ಸಲಕ್ಕೇ ಬಂತು. ಅವರು ಚಪ್ಪಾಳೆ ತಟ್ಟಿದರು.

ಆಮೇಲಿನ ಎರಡು ದಿನ ಮನೆ ಮನೆ ತಿರುಗಿದ ಹಾಗೆ ದೋಣಿ ದೋಣಿ ತಿರುಗಿದೆ. ಬಾಗಿಲು ತೆರೆದಿಟ್ಟಿದ್ದಾರೆ, ಯಾರೂ ಒಳಗೆ ಬರಬಹುದು, ಕಪಾಟು ತೆರೆದು ನೋಡಬಹುದು! ಒಬ್ಬರು ಮಾಡಿನ ಮೇಲೆ ಸೋಲಾರ್ ಹಲಗೆ ಕೂಡಿಸಿದ್ದಾರೆ, ಇನ್ನೊಬ್ಬರು ನಾಯಿ ಏರಲು ಮೆಟ್ಟಿಲು ಮಾಡಿದ್ದಾರೆ, ಅದನ್ನು ಹೇಗೆ ಮಾಡಿದಿರಿ ಎಂದು ಕೇಳಿದರೆ ಅರ್ಧ ದಿನ ಕೂತು ಹೇಳುತ್ತಾರೆ. ಕಟ್ಟಿದ ಕಂಪನಿಯ ಮಿಸ್ತ್ರಿಗಳೂ ಬಂದು, ಇಂಜಿನ್ನಿನ ಮುಚ್ಚಳ ತೆಗೆಸಿ ಪಾಠ ಹೇಳುತ್ತಾರೆ. ಪರಿಚಯವೆಲ್ಲ ದೋಣಿಯ ಹೆಸರಿನಿಂದ. ನಮ್ಮೂರಲ್ಲಿ ಮ್ಯಾಲಿನಮನಿಯವರು, ತ್ವಾಟದವರು ಅನ್ನುತ್ತಾರಲ್ಲ, ಹಾಗೆಯೇ ಇಲ್ಲಿ ನಾವು 'ಕೃಷ್ಣಾಮಾಯಿಯವರು'. ಆ ಹೆಸರನ್ನು ಅವರ ನಾಲಿಗೆಗೆ ಕೂಡಿಸಲು ನಾನೇ ಪಟ್ಟು ಹಿಡಿದು ಹೇಳಿಕೊಟ್ಟೆ. ಎಲ್ಲರೂ ಒಂದೊಂದು ಅಡುಗೆ ತಂದ ಸಂಜೆ ನಾನು ಸಾಂಗಲಿಯ ಖಾರದ ಚುರುಮುರಿ ಭಡಂಗ ಇಟ್ಟೆ, ನಮ್ಮ ಕಡೆಯ ಒಣದ್ರಾಕ್ಷಿ ಬೇದಾಣೆ ಇಟ್ಟೆ, ದೋಣಿಯ ಒಲೆಯ ಮೇಲೆ ಸುಟ್ಟ ಜೋಳದ ರೊಟ್ಟಿಯ ಜೊತೆ ಶೇಂಗಾ ಹಿಂಡಿ ಇಟ್ಟೆ. ತಟ್ಟೆ ಖಾಲಿ!

ಸಾಂಗಲಿಯ ಹೋಡಿಗಳ ಬಗ್ಗೆಯೂ ಹೇಳಿದೆ. ಮಳೆಗಾಲದ ತುಂಬು ಹೊಳೆಯಲ್ಲಿ ಸಾಂಗಲಿವಾಡಿ, ಡಿಗ್ರಜ, ಸಮಡೋಳಿಯ ಹುಡುಗರು ಹುಟ್ಟು ಹಾಕುವ ಪಂದ್ಯ. ಹೊಳೆಗೆ ಕಟ್ಟಿದ ಆಯರ್ವಿನ್ ಪೂಲಿನ ಮೇಲೆ ಜನಜಾತ್ರೆ. 2019ರ ಮಹಾಪೂರ ಹೇಳುವಾಗ ಮಾತ್ರ ನನ್ನ ದನಿ ಇಳಿಯಿತು. ಅಪಾಯದ ಮಟ್ಟ 45 ಅಡಿ ಇರುವ ಆ ಪೂಲಿನ ಬಳಿ ನೀರು 57 ಅಡಿ ಮುಟ್ಟಿತ್ತು, ಬ್ರಹ್ಮನಾಳದಲ್ಲಿ ಜನರನ್ನು ಪಾರುಮಾಡುತ್ತಿದ್ದ ದೋಣಿಯೇ ಮಗುಚಿತ್ತು. ಹಗ್ಗ ಕಲಿಸಿದ ಮುದುಕಿ ನನ್ನ ಕೈ ಹಿಡಿದುಕೊಂಡು ಕೂತರು. ದೋಣಿಯಲ್ಲಿ ಎಷ್ಟು ಜನ ಇದ್ದರು, ಎಲ್ಲರಿಗೂ ಜೀವರಕ್ಷಕ ಅಂಗಿ ಇತ್ತೇ ಎಂದು ಕೇಳಿದರು. ಅವರು ಕೇಳಿದ್ದು ನೀರನ್ನು ಬಲ್ಲವರ ಪ್ರಶ್ನೆ.

ಕಡೆಯ ಸಂಜೆ, ಸೂರ್ಯ ಕೆನಡಾದ ಗುಡ್ಡಗಳ ಹಿಂದೆ ಇಳಿಯುವ ಹೊತ್ತಿಗೆ ರೋಶ್ ಹಾರ್ಬರಿನಲ್ಲಿ ಧ್ವಜಗಳನ್ನು ಇಳಿಸಿದರು. ಪುಟ್ಟ ತೋಪು ಢಂ ಎಂದಿತು. ಅದೇ ತಡ, ಬಂದರಿನ ದೋಣಿಗಳೆಲ್ಲ ಭೋಂ ಎಂದು ಕೂಗತೊಡಗಿದವು. "ಅತ್ತಿ, ನೀವೂ ಒತ್ರಿ!" ಎಂದು ಅಣ್ಣನ ಮಗ ಚುಕ್ಕಾಣಿಯ ಮುಂದೆ ನನ್ನನ್ನು ನಿಲ್ಲಿಸಿದ. ಒತ್ತಿದೆ. ಕೃಷ್ಣಾಮಾಯಿ ಉದ್ದಕ್ಕೆ ದನಿ ತೆಗೆದಳು, ಕಾಲಡಿಯ ನೆಲ ಝುಮ್ಮೆಂದಿತು.

ಆ ಗದ್ದಲದಲ್ಲೇ ಫೋನು ಬಂತು. ಸಲಗರೆಯಲ್ಲಿ ಮುಂಜಾನೆ ಎಂಟು. ಅಣ್ಣ.

"ಏನ ಸಪ್ಪಳ ತಂಗಿ ಅದು?"

"ದೋಣಿ ಅಣ್ಣಾ! ಎಲ್ಲಾ ಒಮ್ಮಿಗೇ ಒದರಾಕತ್ತಾವು, ಕೇಳ್ಸತೈತಿಲ್ಲೋ?"

"ಕೇಳ್ಸತೈತಿ, ಕೇಳ್ಸತೈತಿ. ತಡಿ, ನೀನೂ ಇಲ್ಲೀದ ಕೇಳ," ಎಂದು ಅವನು ಫೋನನ್ನು ಎಲ್ಲಿಗೋ ಚಾಚಿ ಹಿಡಿದ. ಮೊದಲು ಗಾಳಿ. ಆಮೇಲೆ ಕಾಲುವೆಗೆ ಬಿಟ್ಟ ನೀರು, ದಬದಬನೆ.