ಹೊತ್ತಿ ಆರುವ ದೀಪದ ಸಾಕ್ಷ್ಯ

2024ರ ಜೂನ್ 23ರ ಬೆಳಿಗ್ಗೆ ಚಳ್ಳಕೆರೆ ತಾಲ್ಲೂಕಿನ ವರವು ಕಾವಲ್‌ನಲ್ಲಿರುವ ಡಿಆರ್‌ಡಿಒ ವೈಮಾನಿಕ ಪರೀಕ್ಷಾ ವಲಯದಲ್ಲಿ ಇಸ್ರೊದ ‘ಪುಷ್ಪಕ್’ ನೌಕೆ ಮೂರನೆಯ ಸಲ ತಾನಾಗಿಯೇ ನೆಲಕ್ಕಿಳಿಯಿತು. ಚಿನೂಕ್ ಹೆಲಿಕಾಪ್ಟರ್ ಅದನ್ನು 4.5 ಕಿ.ಮೀ. ಎತ್ತರದಲ್ಲಿ, ಅದೂ ಬೇಕೆಂದೇ ರನ್‌ವೇಯ ನೇರದಿಂದ 500 ಮೀಟರ್ ಪಕ್ಕಕ್ಕೆ ಬಿಟ್ಟಿತ್ತು. ನೌಕೆ ದಾರಿ ತಿದ್ದಿಕೊಂಡು, ಗಂಟೆಗೆ 320 ಕಿ.ಮೀ.ಗೂ ಮಿಕ್ಕಿದ ವೇಗದಲ್ಲಿ ನೆಲ ಮುಟ್ಟಿ, ಪ್ಯಾರಾಚೂಟ್ ಬಿಚ್ಚಿ ವೇಗವನ್ನು 100ರ ಆಸುಪಾಸಿಗೆ ತಂದು, ಚಕ್ರದ ಬ್ರೇಕ್ ಹಿಡಿದು ನಿಂತಿತು. ಒಳಗೆ ಚಾಲಕನಿಲ್ಲ, ಎಚ್ಚರಿಕೆ ದೀಪ ನೋಡುವ ಕಣ್ಣೂ ಇಲ್ಲ. ಜಡತ್ವ ಸೆನ್ಸರ್, ರೇಡಾರ್ ಎತ್ತರಮಾಪಕ, ಗಾಳಿಯ ಒತ್ತಡ ಅಳೆಯುವ ವ್ಯವಸ್ಥೆ, ನೆಲದ ಮೇಲಿಂದ ಉಪಗ್ರಹದಂತೆ ಸಂಕೇತ ಕಳಿಸುವ ಸ್ಯೂಡೊಲೈಟ್, ನಾವಿಕ್ ಉಪಗ್ರಹ ಸಂಕೇತ ಇವುಗಳ ಮಾಹಿತಿಯನ್ನು ಒಂದಕ್ಕೊಂದು ತಾಳೆ ನೋಡಿ ಅದು ನಿರ್ಧಾರ ಮಾಡಿತು. ಅಲ್ಲಿಂದ ಅನತಿ ದೂರದ ಹಿರಿಯೂರು–ಚಳ್ಳಕೆರೆ–ಬಳ್ಳಾರಿ ಹೆದ್ದಾರಿಯಲ್ಲಿ ಓಡುವ ಇಂದಿನ ಕಾರುಗಳೂ ಸಣ್ಣ ಪ್ರಮಾಣದಲ್ಲಿ ಇದನ್ನೇ ಮಾಡುತ್ತವೆ. ಆದರೆ ಅವುಗಳ ಡ್ಯಾಶ್‌ಬೋರ್ಡಿನಲ್ಲಿ ದೀಪ ಹೊತ್ತಿ ಆರಿದಾಗ ನಾವು ವರ್ತಿಸುವ ರೀತಿ ಮಾತ್ರ ತೊಂಬತ್ತು ವರ್ಷ ಹಳೆಯದು. ಹೊತ್ತಿ ಆರುವ ದೀಪ ಹುಸಿಯಲ್ಲ, ತೀರ್ಪೂ ಅಲ್ಲ, ಅದೊಂದು ಸಾಕ್ಷ್ಯ. ಸಾಕ್ಷ್ಯವನ್ನು ಅಳಿಸುವ ಮೊದಲು ಓದಬೇಕು, ಓದಿದ್ದನ್ನು ಇನ್ನೊಂದು ಸಾಕ್ಷ್ಯದೊಡನೆ ತಾಳೆ ನೋಡಬೇಕು.

ಮೊದಮೊದಲು ಡ್ಯಾಶ್‌ಬೋರ್ಡಿನಲ್ಲಿ ಇದ್ದದ್ದು ಮುಳ್ಳಿನ ಮಾಪಕಗಳು. ಆಯಿಲ್ ಒತ್ತಡ ಇಳಿಯುತ್ತಿದೆಯೇ, ಬ್ಯಾಟರಿಗೆ ಕರೆಂಟು ಹೋಗುತ್ತಿದೆಯೇ ಎಂಬುದನ್ನು ಮುಳ್ಳು ಹಂತಹಂತವಾಗಿ ತೋರಿಸುತ್ತಿತ್ತು. 1930ರ ದಶಕದಲ್ಲಿ ಅಮೆರಿಕದ ಹಡ್ಸನ್ ಕಂಪನಿ ಆ ಮುಳ್ಳುಗಳ ಜಾಗದಲ್ಲಿ ಕೆಂಪು ದೀಪ ಕೂರಿಸಿತು. ಉಳಿದ ಕಂಪನಿಗಳೂ ಕ್ರಮೇಣ ಅದೇ ದಾರಿ ಹಿಡಿದವು. ಆ ಕಾಲದ ದೀಪದ ಹಿಂದೆ ಇದ್ದದ್ದು ಒಂದು ವೈರು, ಒಂದು ಸ್ವಿಚ್ಚು ಅಷ್ಟೇ. ಆಯಿಲ್ ದೀಪ ಹೊತ್ತಿದರೆ ಆಯಿಲ್ ನೋಡಿದರೆ ಸಾಕಿತ್ತು. ದೀಪ ಯಾವ ಭಾಗದ ಹೆಸರು ಹೇಳುತ್ತದೋ ಆ ಭಾಗವನ್ನೇ ಬಿಚ್ಚುವ ರೂಢಿ ನಮ್ಮ ಗ್ಯಾರೇಜುಗಳಿಗೆ ಬಂದದ್ದು ಅಲ್ಲಿಂದ. ಅಂದಿಗೆ ಅದು ಸರಿಯಾದ ರೂಢಿಯೇ ಆಗಿತ್ತು.

ರೂಢಿ ಹಾಗೇ ಉಳಿಯಿತು, ಕಾರು ಬದಲಾಯಿತು. ಹೊಗೆ ಮಾಲಿನ್ಯ ತಡೆಯಲು ಕ್ಯಾಲಿಫೋರ್ನಿಯಾ ರಾಜ್ಯ 1988ರ ಮಾದರಿಯ ಕಾರುಗಳಿಂದ ಹೊಸ ನಿಯಮ ತಂದಿತು: ದೋಷ ಕಂಡರೆ ಕಾರು ಅದನ್ನು ತಾನೇ ಗುರುತಿಸಿ ಸಂಕೇತವಾಗಿ ದಾಖಲಿಸಬೇಕು. 1996ರಲ್ಲಿ ಅಮೆರಿಕದಾದ್ಯಂತ ಒಬಿಡಿ-2 ಎಂಬ ಏಕರೂಪದ ವ್ಯವಸ್ಥೆ ಬಂತು. ಭಾರತದಲ್ಲಿ ಬಿಎಸ್-4 ಹೊಗೆ ನಿಯಮಗಳ ಜೊತೆಗೆ ಇಂಥ ವ್ಯವಸ್ಥೆಯ ಮೊದಲ ಹಂತ 2010ರ ಏಪ್ರಿಲ್‌ನಲ್ಲಿ, ಎರಡನೆಯದು 2013ರ ಏಪ್ರಿಲ್‌ನಲ್ಲಿ ಜಾರಿಯಾಯಿತು. ಈಗ ದೀಪದ ಹಿಂದೆ ಒಂದು ನೆನಪು ಸೇರಿಕೊಂಡಿತು. ದೋಷದ ಸಂಕೇತದ ಜೊತೆಗೆ ಆ ಕ್ಷಣದ ವೇಗ, ಎಂಜಿನ್ ಬಿಸಿ, ಎಂಜಿನ್ ಮೇಲಿನ ಹೊರೆ ಎಲ್ಲವೂ ದಾಖಲಾಗತೊಡಗಿದವು. ಇನ್ನೊಂದು ಕಡೆ, ಬೆಂಗಳೂರಿಗರು ಮೈಕೋ ಎಂದೇ ಕರೆದ ಕಾರ್ಖಾನೆಯ ಮೂಲ ಸಂಸ್ಥೆ ಬಾಷ್, 1978ರಲ್ಲಿ ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್ ಬ್ರೇಕನ್ನೂ 1986ರಲ್ಲಿ ಕ್ಯಾನ್ ಎಂಬ ಜಾಲವನ್ನೂ ತಂದಿತು. ಎಂಜಿನ್, ಬ್ರೇಕ್, ಗೇರ್‌ಬಾಕ್ಸ್‌ಗಳ ಪುಟ್ಟ ಕಂಪ್ಯೂಟರುಗಳು ಎರಡೇ ವೈರುಗಳ ಮೇಲೆ ತಮ್ಮತಮ್ಮೊಳಗೆ ಮಾತಾಡತೊಡಗಿದವು. ಒಂದು ಸೆನ್ಸರಿನ ಮಾತನ್ನು ಹತ್ತು ಕಡೆ ಕೇಳುವ ಕಾಲ ಬಂತು.

ಇದರ ಪೂರ್ಣ ಪರಿಣಾಮ ಕಾಣುವುದು ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಆಲ್ ವೀಲ್ ಡ್ರೈವ್ ಕಾರುಗಳಲ್ಲಿ. 2022ರಿಂದ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ತಯಾರಾಗತೊಡಗಿದ ಹೈರೈಡರ್, ಗ್ರ್ಯಾಂಡ್ ವಿಟಾರಾಗಳ ಕೆಲವು ಮಾದರಿಗಳೊಂದಿಗೆ ಈ ಏರ್ಪಾಡು ನಮ್ಮ ಮಧ್ಯಮ ವರ್ಗದ ಮನೆಗಳಿಗೂ ಹತ್ತಿರವಾಯಿತು. ಇಂಥ ಕಾರುಗಳಲ್ಲಿ ಸಾಮಾನ್ಯವಾಗಿ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಕಂಪ್ಯೂಟರ್ ನಿಯಂತ್ರಿಸುವ ಒಂದು ಕ್ಲಚ್ ಇರುತ್ತದೆ. ಯಾವ ಚಕ್ರ ಜಾರುತ್ತಿದೆ ಎಂದು ಅದಕ್ಕೆ ತಿಳಿಯುವುದು ಎಬಿಎಸ್‌ನ ನಾಲ್ಕು ಚಕ್ರವೇಗ ಸೆನ್ಸರುಗಳಿಂದಲೇ. ಹಾಗಾಗಿ ಒಂದು ಸೆನ್ಸರಿನ ವೈರು ಸವೆದರೆ ಎಬಿಎಸ್, ಜಾರುವಿಕೆ ತಡೆ, ಆಲ್ ವೀಲ್ ಡ್ರೈವ್ ಮೂರು ದೀಪಗಳೂ ಒಟ್ಟಿಗೇ ಹೊತ್ತಬಹುದು. ಮಾಲೀಕನಿಗೆ ಕಾರೇ ಕೆಟ್ಟುಹೋದಂತೆ ಕಾಣುತ್ತದೆ. ನಿಜವಾಗಿ ಕೆಟ್ಟದ್ದು ಒಂದು. ಉಳಿದ ಕಂಪ್ಯೂಟರುಗಳು ನಂಬಲಾಗದ ಮಾಹಿತಿಯ ಮೇಲೆ ಕೆಲಸ ಮಾಡಲಾರೆವೆಂದು ಹಿಂದೆ ಸರಿದಿವೆ. ಎಷ್ಟು ದೀಪ ಹೊತ್ತಿದವು ಎಂಬುದಕ್ಕಿಂತ ಯಾವ ಸಂಕೇತ ಮೊದಲು ದಾಖಲಾಯಿತು ಎಂಬುದೇ ಇಲ್ಲಿ ಮುಖ್ಯ. ಸಂಕೇತ ‘ಸಿ’ಯಿಂದ ಶುರುವಾದರೆ ದೋಷ ಬ್ರೇಕು, ಚಕ್ರ, ಸಸ್ಪೆನ್ಷನ್ ಇರುವ ಚಾಸಿಯ ಕಡೆಯದು, ‘ಪಿ’ಯಿಂದ ಶುರುವಾದರೆ ಎಂಜಿನ್–ಗೇರ್ ಕಡೆಯದು, ‘ಯು’ ಎಂದರೆ ಜಾಲದ ಮಾತುಕತೆಯೇ ಕಡಿದಿದೆ.

ದೀಪ ಹೊತ್ತಿ ತಾನಾಗಿ ಆರುವುದೇಕೆ? ದೋಷಕ್ಕೆ ಒಂದು ಸಂದರ್ಭ ಬೇಕಾಗಿರುವುದರಿಂದ. ಚಕ್ರದ ಬಳಿಯ ವೈರು ಸ್ಟಿಯರಿಂಗ್ ತಿರುಗಿದಾಗ ಮಾತ್ರ ಎಳೆಯಲ್ಪಟ್ಟು ಒಳಗಿನ ಎಳೆ ಬಿಡುತ್ತದೆ. ನೇರ ರಸ್ತೆಯಲ್ಲಿ ಮತ್ತೆ ಕೂಡುತ್ತದೆ. ಕನೆಕ್ಟರಿನೊಳಗೆ ನೀರು ಹೋಗಿದ್ದರೆ ಮಳೆಯ ದಿನ ದೀಪ, ಬಿಸಿಲಿನ ದಿನ ಮೌನ. ಬ್ಯಾಟರಿ ಸೊರಗಿದ್ದರೆ ಸ್ಟಾರ್ಟ್ ಮಾಡುವ ಕ್ಷಣದಲ್ಲಿ ವೋಲ್ಟೇಜು ಕುಸಿದು, ಏನೂ ಕೆಡದ ಕಂಪ್ಯೂಟರುಗಳೂ ದೂರು ಬರೆಯುತ್ತವೆ. ಧೂಳು, ಬಿಸಿಲು, ಕಲ್ಲುಹಾದಿಗಳ ಚಳ್ಳಕೆರೆ–ಮೊಳಕಾಲ್ಮುರು ಸೀಮೆಯಲ್ಲಿ ವೈರು, ಕನೆಕ್ಟರುಗಳಿಗೆ ಕೆಲಸ ಹೆಚ್ಚು. ಎಲ್ಲಕ್ಕಿಂತ ಹೆಚ್ಚು ಕಡೆಗಣಿಸಲ್ಪಡುವ ಕಾರಣ ಟೈರು. 690 ಮಿ.ಮೀ. ವ್ಯಾಸದ ಹೊಸ ಟೈರುಗಳ ಜೊತೆ 5 ಮಿ.ಮೀ. ಸವೆದ ಟೈರುಗಳನ್ನು ಓಡಿಸಿದರೆ, 100 ಕಿ.ಮೀ.ಗೆ ಸವೆದ ಟೈರು ಸುಮಾರು 680 ಸುತ್ತು ಹೆಚ್ಚು ತಿರುಗುತ್ತದೆ. ಎರಡೇ ಚಕ್ರದ ಚಾಲನೆಯ ಕಾರಿಗೆ ಅದು ಅಷ್ಟು ದೊಡ್ಡದಲ್ಲ. ಆಲ್ ವೀಲ್ ಡ್ರೈವ್ ಕಾರಿನಲ್ಲಿ ಕ್ಲಚ್ ಎಳೆಯುತ್ತಿರುವಾಗಲೆಲ್ಲ ಆ ವ್ಯತ್ಯಾಸವನ್ನು ಅದೇ ಜಾರಿ ನುಂಗಬೇಕು, ಬಿಸಿಯಾಗಬೇಕು. ದೂರ ಓಡಿದ ಮೇಲೆ ದೀಪ ಹೊತ್ತುತ್ತದೆ. ಕಾರು ನಿಲ್ಲಿಸಿ ಚಹಾ ಕುಡಿದು ಬರುವಷ್ಟರಲ್ಲಿ ಆರುತ್ತದೆ. ಕ್ಲಚ್ ಬದಲಿಸಿದರೂ ಟೈರು ಬದಲಾಗದಿದ್ದರೆ ದೀಪ ಮರಳಿ ಬರುತ್ತದೆ.

ಆರಿದ ಮೇಲೆ ಚಿಂತೆ ಯಾಕೆ ಎಂದು ಕೇಳುವವರಿದ್ದಾರೆ. ಹೊಗೆ ಮಾಲಿನ್ಯಕ್ಕೆ ಸಂಬಂಧಿಸಿದ ಎಂಜಿನ್ ದೀಪದ ನಿಯಮವನ್ನೇ ನೋಡಿ: ಸತತ ಮೂರು ಓಟಗಳಲ್ಲಿ ದೋಷ ಕಾಣದಿದ್ದರೆ ದೀಪ ಆರುತ್ತದೆ, ಆದರೆ ಸಂಕೇತ ಅಳಿಯಬೇಕಾದರೆ ಎಂಜಿನ್ 40 ಸಲ ಬಿಸಿಯೇರಿ ತಣಿಯಬೇಕು. ದೀಪ ಆರಿತೆಂದರೆ ದೋಷ ಈಚೆಗೆ ಕಾಣಿಸಿಲ್ಲ ಎಂದಷ್ಟೇ ಅರ್ಥ. ಹಾಗಾದರೆ ಅಗ್ಗದ ಸ್ಕ್ಯಾನರ್ ತಂದು ಸಂಕೇತ ಅಳಿಸಿ, ಮತ್ತೆ ಬರುತ್ತದೋ ನೋಡೋಣ ಎನ್ನುವವರೂ ಇದ್ದಾರೆ. ಅಳಿಸಿದರೆ ದೋಷ ಎಷ್ಟು ವೇಗದಲ್ಲಿ, ಎಷ್ಟು ಬಿಸಿಯಲ್ಲಿ ಕಾಣಿಸಿತೆಂಬ ದಾಖಲೆಯೂ ಹೋಗುತ್ತದೆ. ಬಿಟ್ಟು ಬಿಟ್ಟು ಬರುವ ದೋಷಕ್ಕೆ ಇರುವ ಸುಳಿವೇ ಅದು. ಅಗ್ಗದ ಸ್ಕ್ಯಾನರುಗಳಲ್ಲಿ ಹೆಚ್ಚಿನವು ಎಂಜಿನ್ ಸಂಕೇತವನ್ನಷ್ಟೇ ಓದುತ್ತವೆ, ಎಬಿಎಸ್ ಮತ್ತು ಆಲ್ ವೀಲ್ ಡ್ರೈವ್ ಕಡೆಗೆ ಹೋಗುವುದೇ ಇಲ್ಲ. ಇಷ್ಟೆಲ್ಲ ರಗಳೆಯಿಲ್ಲದ ಹಳೆಯ ಜೀಪೇ ಚೆನ್ನಾಗಿತ್ತು ಎಂಬ ಮಾತಿಗೆ ತೂಕವಿದೆ: ಅದನ್ನು ಕಿವಿಯಿಂದಲೇ ರಿಪೇರಿ ಮಾಡಬಹುದಿತ್ತು. ಆದರೆ ಒದ್ದೆ ರಸ್ತೆಯಲ್ಲಿ ಚಕ್ರ ಬಿಗಿದು ಜಾರುವುದನ್ನು ಅದು ತಡೆಯುತ್ತಿರಲಿಲ್ಲ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾದದ್ದು ಜೀವ ಉಳಿಸಲಿಕ್ಕೆ. ದೀಪವನ್ನು ಓದಲು ಕಲಿಯುವುದು ಅದಕ್ಕೆ ತೆರಬೇಕಾದ ಬೆಲೆ.

ಉಳಿದದ್ದು ಗಟ್ಟಿ ಆಕ್ಷೇಪ: ಇಸ್ರೊ ಬಳಿ ಪ್ರಯೋಗಾಲಯವಿದೆ, ಹಳ್ಳಿಯ ಗ್ಯಾರೇಜಿನಲ್ಲಿ ಏನಿದೆ? ಉಪಕರಣ ಬೇರೆಯಾದರೂ ವಿಧಾನ ಒಂದೇ ಆಗಬಹುದು. ದೀಪ ಹೊತ್ತಿದ ಹೊತ್ತು, ವೇಗ, ತಿರುವೋ ಏರೋ, ಮಳೆಯೋ ಬಿಸಿಲೋ ಎಂಬುದನ್ನು ಮಾಲೀಕ ಒಂದು ಚೀಟಿಯಲ್ಲಿ ಬರೆದಿಡಲಿ. ಮೆಕ್ಯಾನಿಕ್ ಮೊದಲು ಎಲ್ಲ ಕಂಪ್ಯೂಟರುಗಳ ಸಂಕೇತ ಓದಿ ಬರೆದುಕೊಳ್ಳಲಿ. ಆಮೇಲೆ ಮಲ್ಟಿಮೀಟರು: ಪೂರ್ತಿ ಚಾರ್ಜಾದ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಬೇಕು; ಬ್ಯಾಟರಿ ಕಳಚಿ ಅಳೆದರೆ ಕ್ಯಾನ್ ಜಾಲದ ಎರಡು ವೈರುಗಳ ನಡುವೆ ಸುಮಾರು 60 ಓಮ್ ಇರಬೇಕು, 120 ಬಂದರೆ ಒಂದು ತುದಿ ಕಡಿದಿದೆ. ಅಳತೆ ಟೇಪಿನಿಂದ ನಾಲ್ಕೂ ಟೈರುಗಳ ಸುತ್ತಳತೆ. ಕಾರು ಓಡುತ್ತಿರುವಾಗ ಪಕ್ಕದಲ್ಲಿ ಕೂತವರು ಸ್ಕ್ಯಾನರಿನಲ್ಲಿ ನಾಲ್ಕು ಚಕ್ರಗಳ ವೇಗವನ್ನು ನೋಡಿದರೆ, ಮೂರರ ಜೊತೆ ಹೊಂದದ ನಾಲ್ಕನೆಯದು ತಾನೇ ಸಿಕ್ಕಿಬೀಳುತ್ತದೆ. ವೈರು ಅಲುಗಿಸಿ ನೋಡಿ ದೋಷ ಮರುಕಳಿಸಿದ ಮೇಲಷ್ಟೇ ಭಾಗ ಬದಲಿಸಬೇಕು. ಮರುಕಳಿಸದ ದೋಷಕ್ಕೆ ಹೊಸ ಭಾಗ ಹಾಕುವುದು ಊಹೆಯ ಮೇಲೆ ಗಿರಾಕಿಯ ಹಣ ಖರ್ಚು ಮಾಡಿದಂತೆ.

ಈ ವಿಧಾನ ನಡೆಯಬೇಕಾದರೆ ಕಾರು ಬರೆದಿಟ್ಟ ದಾಖಲೆ ಕಾರಿನ ಒಡೆಯನಿಗೂ ಅವನು ನಂಬಿದ ಮೆಕ್ಯಾನಿಕ್ಕಿಗೂ ಸಿಗಬೇಕು. ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ಆರಂಭಿಸಿದ ರಿಪೇರಿ ಹಕ್ಕಿನ ಪೋರ್ಟಲ್ ವಾಹನಗಳನ್ನೂ ಒಳಗೊಂಡಿದೆ. ವೈರಿಂಗ್ ನಕ್ಷೆ, ಸಂಕೇತಗಳ ಪೂರ್ತಿ ವಿವರವನ್ನು ಕಂಪನಿಗಳು ಅಲ್ಲಿ ತೆರೆದಿಡಬೇಕು. ತಾಲ್ಲೂಕು ಮಟ್ಟದ ಐಟಿಐಗಳಲ್ಲಿ ಸಂಕೇತ ಓದುವ ಪಾಠ ಕನ್ನಡದಲ್ಲಿ ನಡೆಯಬೇಕು. ಓದುಗರಲ್ಲಿ ಒಂದು ಮನವಿ: ಮುಂದಿನ ಸಲ ಗ್ಯಾರೇಜಿಗೆ ಹೋದಾಗ, ‘ದೀಪ ಆರಿಸಿ ಕೊಡಿ’ ಎನ್ನಬೇಡಿ. ‘ಏನು ದಾಖಲಾಗಿದೆ, ಬರೆದು ಕೊಡಿ’ ಎಂದು ಕೇಳಿ.