ಸಂದೇಹದೊಡನೆ ನಂಬುಗೆ: ಸೊನ್ನಲಿಗೆಯ ಸಿದ್ಧರಾಮ

ಸಾಕ್ಷ್ಯ ಸಾಲದ ನಂಬಿಕೆಯು ನೈತಿಕ ದೋಷವೆಂದು 1877ರಲ್ಲಿ ಕ್ಲಿಫರ್ಡ್ ವಾದಿಸಿದರು. ಸಾಕ್ಷ್ಯದಿಂದ ತೀರದ, ಮುಂದೂಡಲೂ ಆಗದ ಆಯ್ಕೆಗಳಲ್ಲಿ ನಂಬುವ ಹಕ್ಕು ಮನುಷ್ಯನಿಗುಂಟೆಂದು 1896ರಲ್ಲಿ ವಿಲಿಯಂ ಜೇಮ್ಸ್ ಉತ್ತರಿಸಿದರು. ಈ ಚರ್ಚೆಯಲ್ಲಿ ನಂಬಿಕೆಯೆಂದರೆ ಬಹುಮಟ್ಟಿಗೆ ಒಂದು ಹೇಳಿಕೆಗೆ ಕೊಡುವ ಸಮ್ಮತಿ.

ಸೊನ್ನಲಿಗೆಯ, ಅಂದರೆ ಇಂದಿನ ಸೊಲ್ಲಾಪುರದ, ಕಥನದಲ್ಲಿ ಪ್ರಶ್ನೆಯ ನೆಲೆಯೇ ಬೇರೆ. ಕೆರೆ ಕಟ್ಟಿಸಿ ಗುಡಿ ಎತ್ತಿಸುತ್ತಿದ್ದ ಸಿದ್ಧರಾಮನನ್ನು ಶೂನ್ಯಸಂಪಾದನೆಯ ಅಲ್ಲಮ ಕೆಣಕುತ್ತಾನೆ. ಕಟ್ಟಿದವನು ತಾನೆಂಬ ಭಾವವನ್ನೇ ಅಲುಗಿಸುತ್ತಾನೆ. ಗಮನಿಸಬೇಕು: ಸಂದೇಹವನ್ನು ತರುವವನು ನಾಸ್ತಿಕನಲ್ಲ, ಶರಣ. ಸಿದ್ಧರಾಮ ಭಕ್ತಿಯನ್ನು ತೊರೆಯುವುದಿಲ್ಲ. ಅದರ ಅರ್ಥವನ್ನು ಬದಲಿಸಿಕೊಂಡು ಕಲ್ಯಾಣಕ್ಕೆ ಹೊರಡುತ್ತಾನೆ.

ಊರು ಮಾತ್ರ ಕೆರೆಯನ್ನೂ ಬಿಡಲಿಲ್ಲ, ಗುಡಿಯನ್ನೂ ಬಿಡಲಿಲ್ಲ. ಸಂಕ್ರಾಂತಿಯ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಹೊರಡುವಾಗ, ಮನೆಮಾತು ಕನ್ನಡವಿರಲಿ, ಮರಾಠಿಯಿರಲಿ, ತೆಲುಗಿರಲಿ, ಸಮ್ಮತಿಗಿಂತ ಮೊದಲು ಬೇಕಾಗುವುದು ಅವನ್ನು ಹೊತ್ತು ನಡೆಯುವವರು.