ಉರಿಯಿಲ್ಲದ ದೀಪ

ಹಾಳುಬಾವಿಗೆ ಇಳಿಯುವ ಮುನ್ನ ಹಗ್ಗದಲ್ಲಿ ದೀಪ ಇಳಿಬಿಟ್ಟು ನೋಡುವ ರೂಢಿ ನಮ್ಮ ಗೌಡಗೆರೆ ಸೀಮೆಯ ರೈತಬಂಧುಗಳಿಗೆ ಹೊಸದಲ್ಲ. ಆದರೆ ಗೋಬರ್ ಗ್ಯಾಸಿನ ಗುಂಡಿಯಲ್ಲಿ ಅದೇ ದೀಪ ಪ್ರಾಣಾಂತಕ. ಅಲ್ಲಿಯ ಮೀಥೇನ್ ಹೊತ್ತಿಕೊಳ್ಳುವ ಅನಿಲ. ಕಣ್ಣಿಗೆ ಕಾಣದ ಅವಕೆಂಪು ಕಿರಣಕ್ಕೆ ಈ ಭಯವಿಲ್ಲ. ಮೀಥೇನ್ 3.3 ಮೈಕ್ರಾನ್ ಅಲೆಯುದ್ದದ ಕಿರಣವನ್ನು ಹೀರಿದರೆ, ಬಾವಿಯ ತಳದಲ್ಲಿ ಮಡುಗಟ್ಟುವ ಇಂಗಾಲದ ಡೈಆಕ್ಸೈಡ್ 4.26 ಮೈಕ್ರಾನಿನದನ್ನು ಹೀರುತ್ತದೆ. ಬೇಕಾದ ಅಲೆಯೊಂದನ್ನೇ ಸೋಸುವ ಜರಡಿಯನ್ನು ಸಿಲಿಕಾನ್ ಚಿಪ್ಪಿನ ಮೇಲೆ ಕೊರೆಯಬಹುದು: ಕೂದಲಿಗಿಂತ ಸಣ್ಣದಾದ ಬೆಳಕಿನ ಕಾಲುವೆ, ಪಕ್ಕದಲ್ಲೊಂದು ಪುಟ್ಟ ಉಂಗುರ. ಉಂಗುರದ ಸುತ್ತಳತೆಗೆ ಸರಿಯಾಗಿ ಹೊಂದುವ ಅಲೆ ಮಾತ್ರ ಅದರೊಳಗೆ ಸುತ್ತುತ್ತ ನಿಲ್ಲುತ್ತದೆ. ಪಾವಗಡದ ತಿರುಮಣಿಯ ಸೌರಫಲಕಗಳಲ್ಲಿ ಬಿಸಿಲು ಹೀರುವ ಸಿಲಿಕಾನೇ ಈ ಕಿರಣಗಳಿಗೆ ಗಾಜಿನಂತೆ ದಾರಿ ಬಿಡುವುದು ಸೋಜಿಗವಲ್ಲವೇ! ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಕೇಂದ್ರದಲ್ಲಿ ಸಿಲಿಕಾನ್ ಬೆಳಕಿನ ಚಿಪ್ಪುಗಳ ಸಂಶೋಧನೆ ನಡೆದಿದೆ.